ಲಸಿಕೆಗೆ ಹಿಂಜರಿಕೆ: ಇತಿಹಾಸ ಹೇಳುವುದೇನು?



ನಿಮ್ಮ ಮನೆಯಲ್ಲಿ ಅರವತ್ತು ದಾಟಿದ ಹಿರಿಯರಿದ್ದರೆ ಅವರ ತೋಳನ್ನೊಮ್ಮೆ ಗಮನಿಸಿ. ದುಂಡಗಿನ ಕಲೆಯೊಂದು ಕಾಣಬಹುದು. ಎಷ್ಟೋ ಮಂದಿಯಲ್ಲಿ ಅದು ಸಿಡುಬಿನ ಲಸಿಕೆಯ ಗುರುತು. ಹಳಬರು ಅದನ್ನು ‘ದಾಕು ಹಾಕಿಸುವುದು’ ಎನ್ನುತ್ತಿದ್ದರು. ಆ ರೋಗ ಇಂದು ಜಗತ್ತಿನಲ್ಲೇ ಇಲ್ಲ. ಆದರೆ ದಾಕು ಹಾಕುವವರು ಊರಿಗೆ ಬಂದರೆಂದರೆ ಮಕ್ಕಳನ್ನು ಅಟ್ಟದಲ್ಲಿ ಬಚ್ಚಿಡುತ್ತಿದ್ದ, ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಓಡಿಸುತ್ತಿದ್ದ ಕಥೆಗಳನ್ನೂ ಅದೇ ಹಿರಿಯರು ಹೇಳುತ್ತಾರೆ. ಜೀವ ಉಳಿಸುವ ಮದ್ದನ್ನು ಕಂಡು ಜನ ಏಕೆ ಓಡಿದರು? ‘ಅಜ್ಞಾನ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ. ಇತಿಹಾಸ ಬೇರೆಯದನ್ನೇ ಹೇಳುತ್ತದೆ.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಗುಳ್ಳೆಯ ರಸವನ್ನು ಬಾಲಕನೊಬ್ಬನ ತೋಳಿಗೆ ಹಾಕಿ, ಅದು ಸಿಡುಬಿನಿಂದ ರಕ್ಷಣೆ ಕೊಡುವುದೆಂದು ತೋರಿಸಿದರು. ಆರು ವರ್ಷಗಳಲ್ಲಿ ಅದು ಭಾರತವನ್ನು ತಲುಪಿತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಹೆಣ್ಣುಮಗುವೊಂದಕ್ಕೆ ಹಾಕಿದ ಲಸಿಕೆ ಈ ದೇಶದಲ್ಲಿ ಫಲಿಸಿದ ಮೊದಲನೆಯದು. ಆಗ ಲಸಿಕೆಯನ್ನು ತಂಪಾಗಿಡುವ ಪೆಟ್ಟಿಗೆಗಳಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಹೀಗೆ ತೋಳಿನಿಂದ ತೋಳಿಗೆ ದಾಟುತ್ತಾ ಅದು ಊರಿಂದೂರಿಗೆ ಸಾಗಿತು.

ಆ ಕಾಲದ ತಾಯಿಯೊಬ್ಬಳ ಸ್ಥಾನದಲ್ಲಿ ನಿಂತು ಯೋಚಿಸಿ. ಅವಳ ಪಾಲಿಗೆ ಸಿಡುಬೆಂದರೆ ‘ಅಮ್ಮ’. ಬೇವಿನ ಸೊಪ್ಪಿನಿಂದ, ತಂಪಿನಿಂದ, ಪೂಜೆಯಿಂದ ಅವಳನ್ನು ಶಾಂತಗೊಳಿಸಬೇಕು. ಈಗ ಯಾರ ಮನೆಯದೋ, ಯಾವ ಜಾತಿಯದೋ ಮಗುವಿನ ಮೈಯ ರಸ ತನ್ನ ಮಗುವಿನ ಮೈ ಸೇರಬೇಕು ಎನ್ನುತ್ತಾರೆ. ಈ ಭಯದಲ್ಲಿ ಜಾತಿಯ ಕಟ್ಟುಪಾಡು ಇತ್ತು, ನಿಜ. ಆದರೆ ಆ ರಸದೊಂದಿಗೆ ಬೇರೆ ರೋಗಗಳು ದಾಟುವ ಅಪಾಯವೂ ಅಷ್ಟೇ ನಿಜವಾಗಿತ್ತು. ಬಿಸಿಲಿಗೆ ರಸ ಕೆಟ್ಟು, ಹಾಕಿಸಿಕೊಂಡರೂ ಫಲ ಸಿಗದೆ ಹೋಗುವುದೂ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಮದ್ದನ್ನು ತಂದವರು ಯುದ್ಧ ಮಾಡಿ ದೇಶ ಗೆಲ್ಲುತ್ತಿದ್ದ ಕಂಪನಿ ಸರ್ಕಾರದವರು.

ನಮ್ಮ ಮೈಸೂರಿನ ಸ್ಥಿತಿಯೂ ಹೀಗೆಯೇ ಇತ್ತು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಕಂಪನಿಯವರು ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ್ದರು. ಥಾಮಸ್ ಹಿಕಿ ಎಂಬ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದಿದೆ. ಅವರನ್ನು ನರ್ತಕಿಯರೆಂದು ಬಹುಕಾಲ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ವಾದದಂತೆ ಇವರು ಮೈಸೂರು ಅರಮನೆಯವರು. ಕಿರಿಯ ರಾಣಿ ದೇವಾಜಮ್ಮಣ್ಣಿ ಸೀರೆಯ ಅಂಚನ್ನು ಸರಿಸಿ ಲಸಿಕೆ ಹಾಕಿಸಿಕೊಂಡ ತೋಳನ್ನು ಸೂಚಿಸುತ್ತಿದ್ದಾರೆ. ರಾಣಿಯೇ ಲಸಿಕೆ ಪಡೆದ ಸುದ್ದಿಯಿಂದ ಜನ ಮುಂದೆ ಬಂದರೆಂದೂ ಅವರು ಹೇಳುತ್ತಾರೆ. ಕಂಪನಿಯ ವೈದ್ಯರ ಮಾತಿಗೆ ಇಲ್ಲದ ಬೆಲೆ ಅರಮನೆಯ ಹೆಣ್ಣುಮಗಳ ತೋಳಿಗೆ ಇತ್ತು.

ಈ ಪಾಠವನ್ನು ನಾವು ಎಲ್ಲ ಕಾಲದಲ್ಲೂ ನೆನಪಿಟ್ಟುಕೊಳ್ಳಲಿಲ್ಲ. 1973ರಿಂದ 1975ರವರೆಗೆ ನಡೆದ ಸಿಡುಬು ನಿರ್ಮೂಲನದ ಕೊನೆಯ ಹಂತದಲ್ಲಿ, ಕೆಲವೆಡೆ ಬಾಗಿಲು ಮುರಿದು, ಬೇಡವೆಂದವರನ್ನು ಹಿಡಿದು ಲಸಿಕೆ ಹಾಕಿದ್ದುಂಟು. ಸಿಡುಬು ಹೋಯಿತು, 1980ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಈ ನಡುವೆ ತುರ್ತು ಪರಿಸ್ಥಿತಿ ಬಂತು. 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಶಕ್ತಿಹರಣ ಚಿಕಿತ್ಸೆಗಳು ನಡೆದವು, ಅನೇಕವು ಬಲವಂತದಿಂದ. ಗುರಿ ಮುಟ್ಟಿದ ಲೆಕ್ಕ ಕಡತದಲ್ಲಿ ಉಳಿಯಿತು, ಭಯ ಜನರ ಮನಸ್ಸಿನಲ್ಲಿ ಉಳಿಯಿತು.

ಆ ಭಯ ಕಾಲು ಶತಮಾನದ ನಂತರ ಉತ್ತರ ಪ್ರದೇಶದಲ್ಲಿ ಪೋಲಿಯೋ ಹನಿಯ ಎದುರು ಬಂದು ನಿಂತಿತು. 2002ರಲ್ಲಿ ದೇಶದಲ್ಲಿ 1,600 ಮಕ್ಕಳು ಪೋಲಿಯೋಗೆ ತುತ್ತಾದರು. ಅವರಲ್ಲಿ 1,242 ಮಂದಿ ಆ ಒಂದೇ ರಾಜ್ಯದವರು. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ, ಮುಖ್ಯವಾಗಿ ಬಡ ಮುಸ್ಲಿಂ ಬಡಾವಣೆಗಳಲ್ಲಿ, ಹಬ್ಬಿತ್ತು. ವದಂತಿ ಸುಳ್ಳು. ಆದರೆ ಅದರ ಜೊತೆಗೆ ಜನ ಕೇಳುತ್ತಿದ್ದ ಪ್ರಶ್ನೆ ಸುಳ್ಳಾಗಿರಲಿಲ್ಲ: ‘ಜ್ವರ ಬಂದರೆ ವೈದ್ಯರಿಲ್ಲ, ಚರಂಡಿ ತುಂಬಿ ಹರಿದರೆ ಕೇಳುವವರಿಲ್ಲ, ಈ ಹನಿಗೆ ಮಾತ್ರ ಮತ್ತೆ ಮತ್ತೆ ಮನೆಬಾಗಿಲಿಗೆ ಏಕೆ ಬರುತ್ತೀರಿ?’ ಹಲವು ಬಾರಿ ಹನಿ ಹಾಕಿಸಿದ ಮಕ್ಕಳಿಗೂ ಅಲ್ಲಿ ರೋಗ ಬಂದದ್ದುಂಟು. ಅದೂ ಸಂಶಯವನ್ನು ಬೆಳೆಸಿತು.

ಕ್ರಮೇಣ ಉತ್ತರವೂ ಬದಲಾಯಿತು. ಅದೇ ಬೀದಿಯ ಹೆಣ್ಣುಮಕ್ಕಳು ತರಬೇತಿ ಪಡೆದು ಮನೆಮನೆಗೆ ಹೋಗಿ ಮಾತನಾಡಿದರು. ಮಸೀದಿಗಳಿಂದ ಪ್ರಕಟಣೆಗಳು ಬಂದವು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾದಂಥ ಸಂಸ್ಥೆಗಳು ಕೈಜೋಡಿಸಿದವು. ಹನಿಯ ಜೊತೆಗೆ ಭೇದಿಯ ಚಿಕಿತ್ಸೆ, ನೈರ್ಮಲ್ಯ, ಇತರ ಲಸಿಕೆಗಳ ಮಾತೂ ಸೇರಿತು. ಇತ್ತ ವಿಜ್ಞಾನಿಗಳು ಇನ್ನೂ ಪರಿಣಾಮಕಾರಿಯಾದ ಹನಿಯನ್ನು ತಂದರು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡುಬಂದ ಪ್ರಕರಣವೇ ಕೊನೆಯದಾಯಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತ ಪ್ರಮಾಣಪತ್ರ ಪಡೆಯಿತು.

ಹಾಗೆಂದು ಹಿಂಜರಿಕೆ ಇತಿಹಾಸಕ್ಕೆ ಸೇರಿಹೋಯಿತೆಂದು ತಿಳಿಯಬೇಡಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ಮೊಬೈಲುಗಳಲ್ಲಿ ವದಂತಿಗಳು ಹರಿದಾಡಿದವು. ಸಾಧನ ಹೊಸದು, ಭಯ ಹಳೆಯದು.

ಆರೋಗ್ಯದ ಸಂದೇಶ ಹೊತ್ತವರು ಈ ಇನ್ನೂರು ವರ್ಷಗಳಿಂದ ಕಲಿಯುವುದಿಷ್ಟು. ಹೇಳುವವರು ಕೇಳುವವರಿಗೆ ಪರಿಚಿತರಾಗಿರಲಿ. ಚುಚ್ಚಿದ ಜಾಗ ನೋಯಬಹುದು, ಒಂದೆರಡು ದಿನ ಜ್ವರ ಬರಬಹುದು ಎಂಬುದನ್ನು ಮೊದಲೇ ತಿಳಿಸಲಿ. ಮುಚ್ಚಿಟ್ಟ ಸಣ್ಣ ಸತ್ಯ ದೊಡ್ಡ ಸುಳ್ಳಿಗೆ ದಾರಿ ಮಾಡಿಕೊಡುತ್ತದೆ. ಗದರಿಕೆಯಿಂದ ಒಂದು ದಿನದ ಗುರಿ ಮುಟ್ಟಬಹುದು. ಮುಂದಿನ ಸಲ ಅದೇ ಬಾಗಿಲು ಮುಚ್ಚಿರುತ್ತದೆ.

ಈ ಕೆಲಸದಲ್ಲಿ ನಿಮ್ಮ ಪಾಲೂ ಇದೆ. ನೆರೆಮನೆಯ ತಾಯಿ ‘ನಮ್ಮ ಮಗುವಿಗೆ ಬೇಡ’ ಎಂದರೆ ಬುದ್ಧಿ ಹೇಳಲು ಅವಸರಪಡಬೇಡಿ. ‘ಏಕಮ್ಮಾ, ಏನು ಭಯ?’ ಎಂದು ಕೇಳಿ, ಕೂತು ಅವಳ ಮಾತನ್ನು ಪೂರ್ತಿ ಕೇಳಿಸಿಕೊಳ್ಳಿ. ಆಮೇಲೆ ನಿಮ್ಮ ಮಗುವಿಗೆ ಲಸಿಕೆ ಹಾಕಿಸಿದ ದಿನ ಏನಾಯಿತೆಂಬುದನ್ನು ಇದ್ದದ್ದು ಇದ್ದಂತೆ ಹೇಳಿ.