ಜೋಡಿ ರೋಲರ್ ಜಿನ್ ಯಂತ್ರದಲ್ಲಿ ಒತ್ತಡದ ಹೊಂದಾಣಿಕೆ

ಧಾರವಾಡದಲ್ಲಿ ಅಭಿವೃದ್ಧಿಪಡಿಸಿದ ಡಿ.ಸಿ.ಎಚ್.-32ರಂತಹ ಉದ್ದ ಎಳೆಯ ಹತ್ತಿಯನ್ನು ಬೀಜದಿಂದ ಬೇರ್ಪಡಿಸಲು ಜೋಡಿ ರೋಲರ್ ಜಿನ್ ಸೂಕ್ತವಾಗಿದೆ. ಇದರಲ್ಲಿ ಚರ್ಮದ ರೋಲರ್‌ಗಳು ಎಳೆಯನ್ನು ಹಿಡಿದು ಸ್ಥಿರ ಚಾಕುವಿನ ಅಂಚಿನಿಂದ ಸೆಳೆಯುತ್ತವೆ. ಚಲಿಸುವ ಚಾಕು ಬೀಜವನ್ನು ಬಡಿದು ಬಿಡಿಸುತ್ತದೆ.

ರೋಲರ್ ಅನ್ನು ಚಾಕುವಿಗೆ ಒತ್ತುವ ತೂಕಗಳು ಎರಡೂ ತುದಿಗಳಲ್ಲಿ ಸಮನಾಗಿರಬೇಕು. ಒತ್ತಡ ಕಡಿಮೆಯಾದರೆ ಎಳೆ ಜಾರಿ ಬೀಜದಲ್ಲಿಯೇ ಉಳಿಯುತ್ತದೆ. ಹೆಚ್ಚಾದರೆ ಘರ್ಷಣೆಯಿಂದ ರೋಲರ್ ಬಿಸಿಯಾಗಿ ಬೇಗನೆ ಸವೆಯುತ್ತದೆ, ಅರಳೆಯ ಗುಣಮಟ್ಟವೂ ಕುಗ್ಗುತ್ತದೆ.

ತೂಕ ಹೊರುವ ಸನ್ನೆಯ ಕೀಲು ತುಕ್ಕು, ಧೂಳಿಲ್ಲದೆ ಸಲೀಸಾಗಿ ಚಲಿಸಬೇಕು. ಬಿಗಿದುಕೊಂಡರೆ ತೂಕದ ಬಲ ರೋಲರ್‌ಗೆ ಪೂರ್ಣವಾಗಿ ತಲುಪದು. ಆದುದರಿಂದ ತೂಕ ಹೆಚ್ಚಿಸುವ ಮೊದಲು ಕೀಲನ್ನು ಸ್ವಚ್ಛಗೊಳಿಸಬೇಕು. ಗ್ರೀಸ್ ಅರಳೆಗೆ ತಾಗಬಾರದು. ವಿದ್ಯುತ್ ಸಂಪರ್ಕ ಕಡಿತಗೊಳಿಸಿದ ನಂತರವೇ ಹೊಂದಾಣಿಕೆ ಕೈಗೊಳ್ಳಬೇಕು. ಬಳಿಕ ಸ್ವಲ್ಪ ಹತ್ತಿಯನ್ನು ಹಾಯಿಸಿ, ಬೀಜದಲ್ಲಿ ಎಳೆ ಉಳಿದಿದೆಯೇ, ಬೀಜ ಒಡೆದಿದೆಯೇ ಎಂದು ಪರೀಕ್ಷಿಸಬೇಕು. ಒಡೆದ ಬೀಜ ಬಿತ್ತನೆಗೆ ಯೋಗ್ಯವಲ್ಲ.