ಡಿಬಿಎಂಎಸ್ (ಎಂಜಿನಿಯರಿಂಗ್ ಪಠ್ಯವಿಷಯ)

ದತ್ತಸಂಚಯ ನಿರ್ವಹಣೆಯ ಮೊದಲ ಪಾಠಗಳನ್ನು ಹೇಳಿಕೊಡುವ, ಕಂಪ್ಯೂಟರ್ ಸೈನ್ಸ್ ಪದವಿಯ ನಾಲ್ಕನೆಯ ಅಥವಾ ಐದನೆಯ ಸೆಮಿಸ್ಟರಿನಲ್ಲಿ ಬರುವ ವಿಷಯ. ‘ದತ್ತಸಂಚಯ’ ಎಂಬ ಪದ ನಿಘಂಟಿನಲ್ಲಿ ಇದೆ. ಕಾಲೇಜಿನ ಕಾರಿಡಾರಿನಲ್ಲಿ ಮಾತ್ರ ಎಲ್ಲರ ಬಾಯಲ್ಲೂ ‘ಡಿಬಿಎಂಎಸ್’. ಕಾಸರಗೋಡಿನ ಕನ್ನಡದ ವಿದ್ಯಾರ್ಥಿಯೊಬ್ಬ ಗಡಿ ದಾಟಿ ಮಂಗಳೂರಿನ ಕಡೆಯ ಕಾಲೇಜಿಗೆ ಸೇರಿದರೆ ಇದರ ಪಠ್ಯ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಬರುತ್ತದೆ; ಊರಲ್ಲೇ ಉಳಿದು ಪೊವ್ವಲ್‌ನ ಎಲ್‌ಬಿಎಸ್ ಕಾಲೇಜಿಗೆ ಸೇರಿದರೆ ತಿರುವನಂತಪುರದ್ದರಿಂದ. ಎರಡೂ ಕಡೆ ಓದುವ ಪುಸ್ತಕ ಮಾತ್ರ ಹೆಚ್ಚುಕಡಿಮೆ ಒಂದೇ.

ವಿಷಯಕ್ಕೆ ವಯಸ್ಸು ಬಹಳವಿಲ್ಲ. ಅಮೆರಿಕದ ಎಸಿಎಂ ಸಂಸ್ಥೆ 1968ರಲ್ಲಿ ಕಂಪ್ಯೂಟರ್ ಸೈನ್ಸಿಗೆ ಮಾದರಿ ಪಠ್ಯಕ್ರಮ ರೂಪಿಸಿದಾಗ ಈ ಹೆಸರಿನ ವಿಷಯ ಅದರಲ್ಲಿರಲಿಲ್ಲ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಚಾರ್ಲ್ಸ್ ಬಾಕ್ಮನ್ ರೂಪಿಸಿದ ಐಡಿಎಸ್, ಅಪೊಲೊ ಯೋಜನೆಯ ಬಿಡಿಭಾಗಗಳ ಲೆಕ್ಕಕ್ಕೆಂದು ಹುಟ್ಟಿದ ಐಬಿಎಂನ ಐಎಂಎಸ್ ಎಂಬ ದತ್ತಸಂಚಯ ವ್ಯವಸ್ಥೆಗಳು ಆಗಲೇ ರೂಪುಗೊಂಡಿದ್ದವು. ಆದರೆ ಅವು ಕೈಕೆಲಸದ ವಿದ್ಯೆ: ಯಾವ ದಾಖಲೆಯಿಂದ ಯಾವ ದಾಖಲೆಗೆ ಕೊಂಡಿ ಹಿಡಿದು ಹೋಗಬೇಕು ಎಂಬುದನ್ನು ಪ್ರೋಗ್ರಾಮರನೇ ನೆನಪಿಟ್ಟುಕೊಳ್ಳಬೇಕಿತ್ತು. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದು, ಎಲ್ಲ ಮಾಹಿತಿಯನ್ನೂ ಗಣಿತದ ‘ಸಂಬಂಧ’ಗಳಾಗಿ, ಅಂದರೆ ಸರಳ ಕೋಷ್ಟಕಗಳಾಗಿ ಕಾಣಬಹುದೆಂದು ತೋರಿಸಿದ. ಪಾಠ ಹೇಳಬಹುದಾದ ಸಿದ್ಧಾಂತವೊಂದು ಆಗ ಸಿಕ್ಕಿತು. 1974ರಲ್ಲಿ ಚೇಂಬರ್ಲಿನ್ ಮತ್ತು ಬಾಯ್ಸ್, ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯಾದ ಎಸ್‌ಕ್ಯೂಎಲ್‌ನ ಮೊದಲ ರೂಪ ಕೊಟ್ಟರು. 1976ರಲ್ಲಿ ಪೀಟರ್ ಚೆನ್, ವಸ್ತುಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ತೋರಿಸುವ ಇಆರ್ ಚಿತ್ರಗಳನ್ನು ತಂದ. 1978ರ ಎಸಿಎಂ ಪಠ್ಯಕ್ರಮದಲ್ಲಿ ಡಿಬಿಎಂಎಸ್ ಐಚ್ಛಿಕ ವಿಷಯವಾಗಿ ಜಾಗ ಪಡೆಯಿತು.

ನಮ್ಮ ಕಡೆಯ ತರಗತಿಗಳಲ್ಲಿ ನಿಂತ ಪುಸ್ತಕಗಳು ಮುಖ್ಯವಾಗಿ ಎರಡು. ಸಿಲ್ಬರ್‌ಶಾಟ್ಸ್ ಮತ್ತು ಕಾರ್ತ್ ಅವರದು 1986ರಲ್ಲಿ ಬಂತು. ಮುಂದೆ ಐಐಟಿ ಬಾಂಬೆಯ ಎಸ್. ಸುದರ್ಶನ್ ಅದರ ಮೂರನೆಯ ಲೇಖಕರಾದರು. ಮುಖಪುಟದ ಹಾಯಿದೋಣಿಗಳಿಂದಲೇ ಅದನ್ನು ಗುರುತಿಸುವವರುಂಟು. 1989ರಲ್ಲಿ ಬಂದ ಎಲ್ಮಾಸ್ರಿ–ನವಾಥೆ ಪುಸ್ತಕದ ಬೇರು ಇಲ್ಲಿ ಇನ್ನೂ ಆಳ. ಅದರ ‘ಕಂಪನಿ’ ಎಂಬ ಮಾದರಿ ದತ್ತಸಂಚಯದ ನೌಕರ ಜಾನ್ ಸ್ಮಿತ್ ಹ್ಯೂಸ್ಟನ್ನಿನ ನಿವಾಸಿ; ಲೇಖಕರಲ್ಲಿ ಒಬ್ಬರಾದ ಎಲ್ಮಾಸ್ರಿ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದವರು. ಹೀಗೆ ಹ್ಯೂಸ್ಟನ್ನಿಗೆ ಕಾಲಿಡದ ನಮ್ಮ ಹುಡುಗ ಹುಡುಗಿಯರಿಗೆ ಸ್ಮಿತ್‌ನ ಇಲಾಖೆ, ಸಂಬಳ ಎರಡೂ ಬಾಯಿಪಾಠ.

ಕರ್ನಾಟಕದಲ್ಲಿ 1998ರವರೆಗೆ ಒಂದೊಂದು ವಿಶ್ವವಿದ್ಯಾಲಯಕ್ಕೂ ಒಂದೊಂದು ಎಂಜಿನಿಯರಿಂಗ್ ಪಠ್ಯ. ಆ ವರ್ಷ ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಬಂದ ಮೇಲೆ ರಾಜ್ಯದ ಕಾಲೇಜುಗಳೆಲ್ಲ ಬಹುಪಾಲು ಒಂದೇ ಪ್ರಶ್ನೆಪತ್ರಿಕೆಯ ಕೆಳಗೆ ಬಂದವು. 2006 ಮತ್ತು 2010ರ ಸ್ಕೀಮುಗಳಲ್ಲಿ ಎಂಟು ಯೂನಿಟ್‌ಗಳಿದ್ದ ವಿಷಯ 2015ರಿಂದ ಐದು ಮಾಡ್ಯೂಲ್ ಆಯಿತು. ಕೇರಳದಲ್ಲಿ ಈ ಒಗ್ಗೂಡುವಿಕೆ ತಡವಾಗಿ ನಡೆಯಿತು. ತಿರುವನಂತಪುರದ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2014ರಲ್ಲಿ; ಅದರ 2019ರ ಸ್ಕೀಮಿನಲ್ಲಿ ನಾಲ್ಕನೆಯ ಸೆಮಿಸ್ಟರಿನ ಸಿಎಸ್‌ಟಿ 204 ಎಂಬುದೇ ಡಿಬಿಎಂಎಸ್, ಅಲ್ಲೂ ಐದೇ ಮಾಡ್ಯೂಲ್. ಕೊಚ್ಚಿಯ ಕಳಮಶ್ಶೇರಿಯಲ್ಲಿರುವ ಕುಸಾಟ್ ವಿಶ್ವವಿದ್ಯಾಲಯ ಮಾತ್ರ ತನ್ನ ಬಿಟೆಕ್ ಪಠ್ಯವನ್ನು ತಾನೇ ಬರೆದುಕೊಳ್ಳುತ್ತದೆ.

ಪಠ್ಯದ ನಿಜವಾದ ಮುಖ ಕಾಣುವುದು ಲ್ಯಾಬಿನಲ್ಲಿ. ವಿಟಿಯುದ 2010ರ ಸ್ಕೀಮಿನ ಲ್ಯಾಬಿನಲ್ಲಿ ವಿಮೆ, ಬ್ಯಾಂಕು, ಪುಸ್ತಕ ವ್ಯಾಪಾರಿಯ ದತ್ತಸಂಚಯಗಳಿದ್ದವು. 2015ರಲ್ಲಿ ಅವು ಹೋಗಿ ಲೈಬ್ರರಿ, ಆರ್ಡರ್, ಮೂವಿ, ಕಾಲೇಜ್, ಕಂಪನಿ ಎಂಬ ಐವರು ಬಂದರು. ಪರೀಕ್ಷೆಯ ದಿನ ಇವುಗಳಲ್ಲಿ ಯಾವುದು ಎಂದು ಚೀಟಿ ಎತ್ತಬೇಕಿತ್ತು. ‘ಮೂವಿ’ ಬಂದರೆ ಹಿಚ್‌ಕಾಕ್ ನಿರ್ದೇಶಿಸಿದ ಚಿತ್ರಗಳ ಪಟ್ಟಿ ತೆಗೆದು, ಸ್ಟೀವನ್ ಸ್ಪೀಲ್‌ಬರ್ಗ್ ಚಿತ್ರಗಳಿಗೆಲ್ಲ ರೇಟಿಂಗ್ 5 ಎಂದು ತಿದ್ದಬೇಕಿತ್ತು. ‘ಕಾಲೇಜ್’ ಬಂದರೆ ತಮ್ಮದೇ ಪಾಡು: ಮೂರು ಇಂಟರ್ನಲ್ಸ್‌ನಲ್ಲಿ ಹೆಚ್ಚು ಅಂಕದ ಎರಡರ ಸರಾಸರಿ ಹಿಡಿದು, 17ರಿಂದ 20 ಬಂದವರನ್ನು ‘ಔಟ್‌ಸ್ಟ್ಯಾಂಡಿಂಗ್’, 12ಕ್ಕಿಂತ ಕಡಿಮೆಯವರನ್ನು ‘ವೀಕ್’ ಎಂದು ಬರೆಯಬೇಕಿತ್ತು. ಮರುವಾರವೇ ಅದೇ ಶಾಸ್ತ್ರ ನೋಟಿಸ್ ಬೋರ್ಡಿನಲ್ಲಿ ತಮ್ಮ ಮೇಲೂ ನಡೆಯುತ್ತಿತ್ತೆಂಬುದು ಬೇರೆ ಮಾತು. ‘ಕಂಪನಿ’ಯಲ್ಲಿ ಸ್ಕಾಟ್ ಎಂಬ ನೌಕರನನ್ನು ಹುಡುಕಬೇಕಿತ್ತು. ಒರಾಕಲ್‌ನ ದತ್ತಸಂಚಯ ತಂತ್ರಾಂಶದ ಹಳೆಯ ಮಾದರಿ ಖಾತೆಯ ಹೆಸರೂ ಸ್ಕಾಟ್. ಆ ಸಂಸ್ಥೆಯ ಆರಂಭದ ನೌಕರ ಬ್ರೂಸ್ ಸ್ಕಾಟ್‌ನಿಂದ ಬಂದದ್ದು, ಪಾಸ್‌ವರ್ಡ್ ‘ಟೈಗರ್’ ಅವನ ಮನೆಯ ಬೆಕ್ಕಿನದು. ಬೆಳಗಾವಿಯ ಪಠ್ಯಕ್ಕೂ ಅವನೇ ದಾಟಿ ಬಂದನೋ ಏನೋ, ಖಚಿತವಿಲ್ಲ.

ಲ್ಯಾಬಿನ ಆ ಐದು ದತ್ತಸಂಚಯಗಳಲ್ಲಿ ಪಹಣಿ, ಅಂದರೆ ಜಮೀನಿನ ದಾಖಲೆ, ಇಲ್ಲದಿದ್ದುದು ಪಠ್ಯದ ದೊಡ್ಡ ಕೊರತೆ. 2000ದ ಆಸುಪಾಸಿನಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ದಾಖಲೆಗಳನ್ನು ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಏರಿಸಿತು. ತರಗತಿಯಲ್ಲಿ ಕಷ್ಟವೆನಿಸುವುದೆಲ್ಲ ಅದರಲ್ಲಿ ಇದೆ. ಒಂದು ಸರ್ವೆ ನಂಬರಿಗೆ ಅಣ್ಣತಮ್ಮಂದಿರು ಜಂಟಿ ಖಾತೆದಾರರು, ಒಬ್ಬ ಖಾತೆದಾರನಿಗೆ ನಾಲ್ಕು ಸರ್ವೆ ನಂಬರು: ಇಆರ್ ಚಿತ್ರದಲ್ಲಿ ಇದೇ ‘ಹಲವಕ್ಕೆ ಹಲವು’ ಸಂಬಂಧ. ರೈತನ ತಂದೆಯ ಹೆಸರನ್ನು ನಾಲ್ಕೂ ಸಾಲಿನಲ್ಲಿ ಬರೆದು ಮೂರರಲ್ಲಷ್ಟೇ ತಿದ್ದಿದರೆ, ಉಳಿದ ಒಂದು ಸಾಲು ಬ್ಯಾಂಕಿನಲ್ಲಿ ಬೆಳೆಸಾಲ ಕೇಳುವಾಗ ಎದುರು ನಿಲ್ಲುತ್ತದೆ. ಕೋಷ್ಟಕಗಳನ್ನು ಒಡೆದು ಒಂದು ಮಾಹಿತಿ ಒಂದೇ ಕಡೆ ಇರುವಂತೆ ಮಾಡುವ ನಾರ್ಮಲೈಸೇಶನ್ ತಪ್ಪಿಸಲು ಹೊರಟದ್ದು ಇದನ್ನೇ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇ ಮಾಡುವ, ಬೆರಳಚ್ಚು ಒತ್ತದೆ ಯಾರೂ ದಾಖಲೆ ತಿದ್ದಲಾಗದ ಏರ್ಪಾಡನ್ನೂ ಅಲ್ಲಿ ಮಾಡಲಾಯಿತು. ಜಾನ್ ಸ್ಮಿತ್‌ಗಿಂತ ಸರ್ವೆ ನಂಬರು ನಮ್ಮ ವಿದ್ಯಾರ್ಥಿಗೆ ಬೇಗ ಅರ್ಥವಾಗುತ್ತದೆ.

ಲ್ಯಾಬಿನ ತಂತ್ರಾಂಶವೂ ಬದಲಾಗುತ್ತ ಬಂದಿದೆ. ಒಂದು ಕಾಲಕ್ಕೆ ಲ್ಯಾಬ್ ಎಂದರೆ ಒರಾಕಲ್. ಮುಕ್ತ ತಂತ್ರಾಂಶದ ಗಾಳಿ ಕೇರಳದಲ್ಲಿ ಬೇಗ ಬೀಸಿತು. 2001ರಲ್ಲಿ ಅದಕ್ಕಾಗಿಯೇ ಹುಟ್ಟಿದ ಸಂಸ್ಥೆಯಾದ ಎಫ್‌ಎಸ್‌ಎಫ್ ಇಂಡಿಯಾದ ಉದ್ಘಾಟನೆಗೆ ಮುಕ್ತ ತಂತ್ರಾಂಶ ಚಳವಳಿಯ ನಾಯಕ ರಿಚರ್ಡ್ ಸ್ಟಾಲ್ಮನ್ ತಿರುವನಂತಪುರಕ್ಕೆ ಬಂದಿದ್ದ. ಇಂದು ಹಣ ಕೊಡದೆ ಸಿಗುವ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಎರಡೂ ರಾಜ್ಯಗಳ ಲ್ಯಾಬುಗಳಲ್ಲಿ ಸಾಮಾನ್ಯ. ವಿಟಿಯುದ 2022ರ ಸ್ಕೀಮಿನಲ್ಲಿ ವಿಷಯ ಐದನೆಯ ಸೆಮಿಸ್ಟರಿನಿಂದ ನಾಲ್ಕಕ್ಕೆ ಇಳಿಯಿತು, ಲ್ಯಾಬ್ ಅದರೊಳಗೇ ಸೇರಿಕೊಂಡಿತು, ಕೋಷ್ಟಕಗಳ ಹಂಗಿಲ್ಲದ ಮಾಂಗೊಡಿಬಿಗೂ ಒಂದು ಪ್ರಯೋಗ ದಕ್ಕಿತು.