ನೇಗಿಲಿನಿಂದ ಲೋಡರಿನವರೆಗೆ

ತಿರುವನಂತಪುರದಿಂದ ದಕ್ಷಿಣಕ್ಕೆ ಸುಮಾರು 16 ಕಿಲೊಮೀಟರ್ ದೂರದಲ್ಲಿರುವ ವಿಳಿಂಜಂ, ಆಯ್ ಅರಸರ ಕಾಲದಿಂದಲೂ ಹೆಸರಾದ ರೇವು. 2025ರ ಮೇ 2ರಂದು ಅಲ್ಲಿಯ ಹೊಸ ಬಂದರು ರಾಷ್ಟ್ರಕ್ಕೆ ಸಮರ್ಪಿತವಾದ ಮೇಲಂತೂ, ಊರಿನಿಂದ ಬರುವ ನೆಂಟರಿಷ್ಟರಿಗೆ ಅನಂತಪದ್ಮನಾಭನ ದರ್ಶನ ಮಾಡಿಸಿ, ಕೋವಳಂ ಕಡಲತೀರ ಸುತ್ತಿಸಿ, ಬಂದರಿನ ಕ್ರೇನುಗಳನ್ನು ದೂರದಿಂದಲಾದರೂ ತೋರಿಸಿ ಕಳಿಸುವುದು ಇಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ವಾಡಿಕೆಯಾಗುತ್ತಿದೆ. ನೋಡಿದವರು ಬೆರಗಾಗುತ್ತಾರೆ. ಆದರೆ ಈ ಮಹಾಯಂತ್ರಗಳ ಕಥೆ ವಿಳಿಂಜಂನಲ್ಲಿ ಆರಂಭವಾದದ್ದಲ್ಲ. ಊರಿನ ನಮ್ಮ ಕೊಟ್ಟಿಗೆಯ ಪಕ್ಕದಲ್ಲಿ, ಟಾರ್ಪಾಲು ಹೊದ್ದು ನಿಂತಿರುವ ಹಳೆಯ ಟ್ರಾಕ್ಟರಿಗೂ ಇವುಗಳಿಗೂ ಹತ್ತಿರದ ನಂಟುಂಟು.

ನಮ್ಮ ದೇಶದಲ್ಲಿ ಉಳುವ ಮತ್ತು ಹೊರೆ ಎತ್ತುವ ಯಂತ್ರಗಳ ಇತಿಹಾಸವನ್ನು ಗಮನಿಸಿದರೆ ಒಂದು ಕ್ರಮ ಎದ್ದು ಕಾಣುತ್ತದೆ. ಮೊದಲು ಯಂತ್ರ ಬರುತ್ತದೆ. ಬಹಳ ಕಾಲದ ಮೇಲೆ ಅದರ ಬಿಡಿಭಾಗ ಮತ್ತು ರಿಪೇರಿ ಬಲ್ಲ ಕೈಗಳು ಬರುತ್ತವೆ. ಎಲ್ಲಕ್ಕೂ ಕೊನೆಯಲ್ಲಿ, ಕೆಲವು ಕೈಕಾಲುಗಳು ಹೋದ ಮೇಲೆ, ಎಚ್ಚರ ಬರುತ್ತದೆ. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಯುದ್ಧದಿಂದ ಹೊಲಕ್ಕೆ

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ದೇಶಕ್ಕೆ ಅನ್ನದ ಕೊರತೆ. ಮಧ್ಯ ಭಾರತದಲ್ಲಿ ‘ಕಾನ್ಸ್’ ಎಂಬ ಆಳವಾಗಿ ಬೇರು ಬಿಡುವ ಹುಲ್ಲು ಹಬ್ಬಿ, ಒಳ್ಳೆಯ ಭೂಮಿ ಲಕ್ಷಾಂತರ ಎಕರೆ ಬೀಳು ಬಿದ್ದಿತ್ತು. ಎತ್ತಿನ ನೇಗಿಲಿಗೆ ಆ ಬೇರು ಸಿಕ್ಕುತ್ತಿರಲಿಲ್ಲ. ಅದನ್ನು ಕೀಳಲು ಕೇಂದ್ರ ಸರ್ಕಾರ ಕೇಂದ್ರೀಯ ಟ್ರಾಕ್ಟರ್ ಸಂಸ್ಥೆಯನ್ನು ಕಟ್ಟಿತು. ಅದರ ಮೊದಲ ಬಂಡವಾಳವೆಂದರೆ ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಹೆಚ್ಚುವರಿಯಾಗಿ ಉಳಿದ ಹಳೆಯ ಟ್ರಾಕ್ಟರುಗಳು. ಅಂದರೆ ನಮ್ಮಲ್ಲಿ ಸರ್ಕಾರಿ ಯಾಂತ್ರಿಕ ಬೇಸಾಯ ಆರಂಭವಾದದ್ದೇ ಹಳೆಯ ಯಂತ್ರಗಳ ರಿಪೇರಿಯಿಂದ! 1949ರ ಸೆಪ್ಟೆಂಬರಿನಲ್ಲಿ ವಿಶ್ವಬ್ಯಾಂಕು ಇದೇ ಕೆಲಸಕ್ಕಾಗಿ ಒಂದು ಕೋಟಿ ಡಾಲರ್ ಸಾಲ ಕೊಟ್ಟ ಮೇಲೆ ಹೊಸ ಯಂತ್ರಗಳೂ ಬಂದವು.

ಹತ್ತಾರು ದೇಶಗಳಿಂದ ಹತ್ತಾರು ಮಾದರಿಗಳು ಬಂದದ್ದರಿಂದ ಒಂದರ ಬೋಲ್ಟು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಒಂದು ಸಣ್ಣ ಬೇರಿಂಗಿಗಾಗಿ ಇಡೀ ಟ್ರಾಕ್ಟರ್ ಬಿತ್ತನೆಯ ಕಾಲದಲ್ಲಿ ಸುಮ್ಮನೆ ನಿಲ್ಲುವುದು ಸಾಮಾನ್ಯವಾಗಿತ್ತು. 1955ರಲ್ಲಿ ಮಧ್ಯಪ್ರದೇಶದ ಬುದನಿಯಲ್ಲಿ ಟ್ರಾಕ್ಟರ್ ತರಬೇತಿ ಕೇಂದ್ರ ತೆರೆದು, ಓಡಿಸುವವರಿಗೂ ದುರಸ್ತಿ ಮಾಡುವವರಿಗೂ ಕ್ರಮವಾಗಿ ಕಲಿಸುವ ವ್ಯವಸ್ಥೆಯಾಯಿತು. 1959ರಲ್ಲಿ ಫರೀದಾಬಾದಿನ ಐಷರ್ ಕಾರ್ಖಾನೆಯಿಂದ ದೇಶದೊಳಗೆ ತಯಾರಾದ ಮೊದಲ ಟ್ರಾಕ್ಟರ್ ಹೊರಬಿತ್ತು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ನಮ್ಮ ಎಚ್‌.ಎಂ.ಟಿ. ಸಂಸ್ಥೆ ಕೊಚ್ಚಿಯ ಹತ್ತಿರದ ಕಳಮಶ್ಶೇರಿಯಲ್ಲಿ ಯಂತ್ರೋಪಕರಣ ಘಟಕವನ್ನು ತೆರೆಯಿತು. 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಿಂದ ಟ್ರಾಕ್ಟರನ್ನೂ ಮಾಡತೊಡಗಿತು. ರಾಯಚೂರು ಜಿಲ್ಲೆಯ ಜವಳಗೇರಾ ಮತ್ತು ಕಣ್ಣೂರು ಜಿಲ್ಲೆಯ ಆರಳಂ, ಇವೆರಡೂ ಒಂದೇ ಕೇಂದ್ರ ಸಂಸ್ಥೆಯ ಯಾಂತ್ರಿಕ ಕೃಷಿಕ್ಷೇತ್ರಗಳಾಗಿದ್ದವು ಎಂಬುದನ್ನೂ ಇಲ್ಲಿ ನೆನೆಯಬಹುದು.

ಪಿಂಜೋರಿನ ಟ್ರಾಕ್ಟರ್ ಘಟಕವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಆದರೆ ಅಲ್ಲಿಂದ ಬಂದ ಗಾಡಿಗಳು ಕಾರ್ಖಾನೆಯೊಡನೆ ಸಾಯಲಿಲ್ಲ. ಹಳೆಯ ಗಾಡಿ ಇಂದಿಗೂ ಎಲ್ಲಿ ಓಡುತ್ತಿದೆಯೋ ಅಲ್ಲಿ ಅದರ ಹಿಂದೆ ಗುಜರಿ ಅಂಗಡಿಯಲ್ಲಿ ಗೇರು ಹುಡುಕುವ, ಲೇತಿನಲ್ಲಿ ಪಿನ್ನು ಕಡೆಯುವ ಒಬ್ಬ ಮೇಸ್ತ್ರಿ ಇದ್ದಾನೆಂದೇ ತಿಳಿಯಬೇಕು. ಇತಿಹಾಸದ ಪುಸ್ತಕಗಳಲ್ಲಿ ಅವನ ಹೆಸರು ಬರುವುದಿಲ್ಲ.

ಕೆಸರಿನ ನಾಡಿನಲ್ಲಿ

ಕೇರಳದ ಸಂಗತಿಯೇ ಬೇರೆ. ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಭಾರವಾದ ಟ್ರಾಕ್ಟರ್ ಅಲ್ಲಿಯ ಕೆಸರಿನಲ್ಲಿ ಹೂತುಹೋಗುವ ಭಯ. ಇನ್ನೊಂದು ಭಯ ಕೃಷಿ ಕಾರ್ಮಿಕರದು: ಯಂತ್ರ ಇಳಿದರೆ ಕೂಲಿ ಹೋಯಿತು. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಲ್ಲಿ ಟ್ರಾಕ್ಟರಿಗೆ ಬಲವಾದ ವಿರೋಧ ಎದುರಾಯಿತು. 1974ರ ಕೃಷಿ ಕಾರ್ಮಿಕರ ಕಾಯಿದೆ ಬಂದದ್ದು ಈ ಹಿನ್ನೆಲೆಯಲ್ಲೇ. ಹೊರಗಿನವರಾದ ನಾವು ಆ ವಿರೋಧವನ್ನು ಹಿಂದುಳಿದ ಮನೋಭಾವವೆಂದು ತಳ್ಳಿಹಾಕುವುದು ಸುಲಭ. ಆದರೆ ದಿನಗೂಲಿಯಿಂದ ಒಲೆ ಹಚ್ಚುವವನಿಗೆ ಅದು ಹೊಟ್ಟೆಯ ಪ್ರಶ್ನೆಯಾಗಿತ್ತು.

ಕೆಸರಿಗೆ ಉತ್ತರವಾಗಿ ಬಂದದ್ದು ಪವರ್ ಟಿಲ್ಲರ್. ಬೆಂಗಳೂರಿನ ವಿ.ಎಸ್‌.ಟಿ. ಸಂಸ್ಥೆ 1967ರಲ್ಲಿ ಆರಂಭವಾಗಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಇವನ್ನು ತಯಾರಿಸಿತು. 1973ರಲ್ಲಿ ಕೇರಳ ಸರ್ಕಾರ ಅಂಗಮಾಲಿಯ ಹತ್ತಿರದ ಅತ್ತಾಣಿಯಲ್ಲಿ ‘ಕಾಂಕೊ’ ಸಂಸ್ಥೆಯನ್ನು ಸ್ಥಾಪಿಸಿತು. ಅದಕ್ಕೆ ಕುಬೋಟ ಕಂಪನಿಯ ತಂತ್ರಜ್ಞಾನ. ಎರಡು ನೆರೆರಾಜ್ಯಗಳ ಗದ್ದೆಗಳು ಜಪಾನಿನ ಭತ್ತದ ಗದ್ದೆಯಿಂದ ಪಾಠ ಕಲಿತವು ಎನ್ನಬೇಕು. ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್, ರಬ್ಬರು ಚಕ್ರ ಬಿಚ್ಚಿ ಕಬ್ಬಿಣದ ಪಂಜರದಂಥ ಚಕ್ರ ಹಾಕುವ ಸೌಕರ್ಯ, ಹಳ್ಳಿಯ ಫಿಟ್ಟರನ ಕೈಗೆ ಒಗ್ಗುವ ಸರಳ ರಚನೆ, ಇವುಗಳಿಂದ ಅದು ಸಣ್ಣ ಹಿಡುವಳಿಯ ರೈತನಿಗೆ ಹಿಡಿಸಿತು.

ಎರವಲು ತಾರದ ಎಚ್ಚರ

ಯಂತ್ರವೂ ಬಂತು, ಬಿಡಿಭಾಗವೂ ಬಂತು. ಎಚ್ಚರದ ಗತಿಯೇನು? ನಮ್ಮಲ್ಲಿ ಮೊದಲ ದೇಶೀ ಟ್ರಾಕ್ಟರ್ ಹೊರಬಂದ 1959ರಲ್ಲೇ ಸ್ವೀಡನ್ ದೇಶ, ಮಗುಚಿದರೂ ಚಾಲಕನನ್ನು ಜಜ್ಜದಂತೆ ಕಾಪಾಡುವ ಉಕ್ಕಿನ ಚೌಕಟ್ಟನ್ನು ಹೊಸ ಟ್ರಾಕ್ಟರುಗಳಿಗೆ ಕಡ್ಡಾಯ ಮಾಡಿತು. ಅವರು ಅನೇಕ ಸಾವುಗಳನ್ನು ಕಂಡು ಕಲಿತಿದ್ದ ಪಾಠ ನಮಗೆ ಸಿದ್ಧವಾಗಿ ಸಿಗುತ್ತಿತ್ತು. ಯಂತ್ರವನ್ನು ಎರವಲು ತಂದ ನಾವು ಎಚ್ಚರವನ್ನು ಎರವಲು ತರಲಿಲ್ಲ. ಹಸಿರು ಕ್ರಾಂತಿಯ ವರ್ಷಗಳಲ್ಲಿ ಉತ್ತರ ಭಾರತದ ಕಣಗಳಲ್ಲಿ ಕಾಳು ಒಕ್ಕುವ ಯಂತ್ರಕ್ಕೆ ಪೈರು ತುಂಬಿಸುತ್ತಿದ್ದ ಎಷ್ಟೋ ಕಾರ್ಮಿಕರು ಕೈ ಕಳೆದುಕೊಂಡ ಮೇಲೆಯೇ, 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಸಲ್ಲಬೇಕೆಂಬುದು ಅದರ ಉದ್ದೇಶಗಳಲ್ಲಿ ಒಂದು.

ಟ್ರಾಕ್ಟರಿನ ಸಂತಾನ

ಇನ್ನು ಲೋಡರ್. 1945ರಲ್ಲಿ ಇಂಗ್ಲೆಂಡಿನ ಉಟಾಕ್ಸಿಟರ್ ಎಂಬ ಊರಿನಲ್ಲಿ ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬಾತ ಯುದ್ಧದ ಹಳೆಯ ಸಾಮಾನುಗಳಿಂದ ಒಂದು ಟ್ರೇಲರ್ ಮಾಡಿ ವ್ಯಾಪಾರ ಆರಂಭಿಸಿದ. 1953ರಲ್ಲಿ ಒಂದು ಫೋರ್ಡ್‌ಸನ್ ಟ್ರಾಕ್ಟರಿಗೆ ಮುಂದೆ ಮಣ್ಣೆತ್ತುವ ಬಕೆಟ್ಟನ್ನೂ ಹಿಂದೆ ಅಗೆಯುವ ತೋಳನ್ನೂ ಜೋಡಿಸಿದ. ಅವನ ಹೆಸರಿನ ಮೂರು ಅಕ್ಷರಗಳೇ ಜೆ.ಸಿ.ಬಿ. 1979ರಲ್ಲಿ ಅದು ಹರಿಯಾಣದ ಬಲ್ಲಭಗಡಕ್ಕೆ ಬಂತು. ಈಗ ಯಾವ ಕಂಪನಿಯ ಯಂತ್ರವಾದರೂ ‘ಜೆ.ಸಿ.ಬಿ. ಕರೆಸಿ’ ಎನ್ನುವುದೇ ನಮ್ಮ ಹಳ್ಳಿಗಳ ಮಾತು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಮಣ್ಣು ಕೆಲಸದ ದೈತ್ಯ ಯಂತ್ರಗಳನ್ನು ಮಾಡುವ ಬೆಮೆಲ್ ಸಂಸ್ಥೆ, 1964ರಲ್ಲಿ ಸ್ಥಾಪಿತವಾದದ್ದು, ನಮ್ಮವರದೇ.

‘ಲೋಡರ್’ ಎಂಬ ಮಾತಿಗೆ ಕೇರಳದಲ್ಲಿ ಇನ್ನೊಂದು ಅರ್ಥವೂ ಉಂಟು: ಹೊರೆ ಹೊರುವ ಕಾರ್ಮಿಕ, ನಮ್ಮ ಕಡೆಯ ಹಮಾಲಿ. ವರ್ಗವಾಗಿ ಬಂದ ಯಾವ ನೌಕರನೂ ಮನೆ ಸಾಮಾನು ಇಳಿಸುವ ದಿನವೇ ಇವರ ಸಂಘಟನೆಯ ಪರಿಚಯ ಮಾಡಿಕೊಳ್ಳುತ್ತಾನೆ. ಇವರ ಕೂಲಿಗೂ ಕ್ಷೇಮಕ್ಕೂ 1978ರ ಕಾಯಿದೆ ಆಧಾರವಾಯಿತು. ಯಂತ್ರವೇ ಸಾಮಾನು ಇಳಿಸಿದರೂ ನಿಂತು ನೋಡಿದವರಿಗೆ ಕೊಡಬೇಕಾಗಿದ್ದ ‘ನೋಕ್ಕುಕೂಲಿ’ಯನ್ನು 2018ರ ಮೇ 1ರಿಂದ ರಾಜ್ಯ ಸರ್ಕಾರ ನಿಲ್ಲಿಸಿತು. ಆ ಪದ್ಧತಿಯನ್ನು ಹಾಸ್ಯ ಮಾಡುವಾಗ ಇನ್ನೊಂದು ಲೆಕ್ಕವನ್ನೂ ಮರೆಯಬಾರದು. ಒಬ್ಬನು ಹೊರಬಹುದಾದ ಗರಿಷ್ಠ ಭಾರ ಬಹುಕಾಲ 75 ಕಿಲೊ ಆಗಿತ್ತು. ಅದು 55 ಕಿಲೊಗೆ ಇಳಿದದ್ದು ಈಚಿನ ತಿದ್ದುಪಡಿಯಿಂದ. ಕಬ್ಬಿಣದ ಯಂತ್ರಕ್ಕೆ ಎಷ್ಟು ಭಾರ ಸಲ್ಲುತ್ತದೆಂದು ಕಾರ್ಖಾನೆಯವರು ಮೊದಲ ದಿನವೇ ತಗಡಿನ ಮೇಲೆ ಕೊರೆದಿರುತ್ತಾರೆ. ಮನುಷ್ಯನ ಬೆನ್ನಿನ ಮಿತಿಯನ್ನು ತಿದ್ದಲು ದಶಕಗಳೇ ಬೇಕಾದವು.

ವಿಳಿಂಜಂ ಬಂದರಿನ ಕಾಮಗಾರಿ 2015ರ ಡಿಸೆಂಬರಿನಲ್ಲಿ ಆರಂಭವಾಯಿತು. ಸುಮಾರು ಮೂರು ಕಿಲೊಮೀಟರ್ ಉದ್ದದ ಅಲೆತಡೆಗಾಗಿ ಕಡಲಿಗೆ ಕಲ್ಲು ಸುರಿಯಬೇಕಾಗಿತ್ತು. ಲೋಡರು, ಟಿಪ್ಪರುಗಳು ವರ್ಷಗಟ್ಟಲೆ ಆ ರಸ್ತೆಗಳಲ್ಲಿ ಓಡಾಡಿದವು. 2024ರ ಮಾರ್ಚಿನಲ್ಲಿ, ಬಂದರಿಗೆ ಕಲ್ಲು ಒಯ್ಯುತ್ತಿದ್ದ ಟಿಪ್ಪರಿನಿಂದ ಉರುಳಿದ ಕಲ್ಲು ಬಡಿದು, ಸ್ಕೂಟರಿನಲ್ಲಿ ಹೋಗುತ್ತಿದ್ದ ಒಬ್ಬ ತರುಣ ವಿದ್ಯಾರ್ಥಿ ಅಸುನೀಗಿದ. ಆತನಿಗೂ ಆ ಯಂತ್ರಕ್ಕೂ ಯಾವ ಸಂಬಂಧವೂ ಇರಲಿಲ್ಲ, ದಾರಿಯಲ್ಲಿದ್ದನು, ಅಷ್ಟೆ. ಹೊರೆ ತುಂಬಿದ ಮೇಲೆ ಅದನ್ನು ಭದ್ರಪಡಿಸುವುದೂ ತುಂಬುವ ಕೆಲಸದ ಭಾಗವೆಂಬುದಕ್ಕೆ ಇದಕ್ಕಿಂತ ದುಃಖದ ಸಾಕ್ಷಿ ಬೇಡ.

ಅದೇ ಬಂದರಿನ ಒಳಗೆ ಚಿತ್ರ ಬೇರೆ. ಹಡಗಿನಿಂದ ಇಳಿಸುವ 8 ದೊಡ್ಡ ಕ್ರೇನುಗಳು, ಅಂಗಳದಲ್ಲಿ ಜೋಡಿಸುವ 24 ಕ್ರೇನುಗಳು. ಅಂಗಳದ ಕ್ರೇನುಗಳನ್ನು ವಿಳಿಂಜಂ ಸುತ್ತಮುತ್ತಲಿನ ಹೆಣ್ಣುಮಕ್ಕಳೂ ಸೇರಿದಂತೆ ತರಬೇತಿ ಪಡೆದವರು ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕುಳಿತು ನಡೆಸುತ್ತಾರೆ. ತೂಗುವ ಹೊರೆಯ ಕೆಳಗೆ ಮನುಷ್ಯನೇ ಇಲ್ಲ. ಯಂತ್ರ, ತರಬೇತಿ, ಎಚ್ಚರ ಮೂರೂ ಒಟ್ಟಿಗೆ ಬರಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಊರಿಗೆ ಬರೆಯಬೇಕಾದ ನಾಲ್ಕು ಮಾತು

ಇದರಿಂದ ನಮಗೇನು ಎಂದು ಓದುಗ ಬಂಧುಗಳು ಕೇಳಬಹುದು. ಸಂಬಳದಲ್ಲಿ ಉಳಿಸಿದ ಹಣದಿಂದ ಊರಿನ ಅಣ್ಣನಿಗೋ ತಮ್ಮನಿಗೋ ಸೆಕೆಂಡ್ ಹ್ಯಾಂಡ್ ಟ್ರಾಕ್ಟರ್ ಕೊಳ್ಳಲು ನೆರವಾದವರು ನಮ್ಮಲ್ಲಿ ಅನೇಕರಿದ್ದಾರೆ. ಬೇಸಿಗೆ ರಜೆಯಲ್ಲಿ ಅದರ ಮಡ್‌ಗಾರ್ಡಿನ ಮೇಲೆ ಕುಳಿತು ಸವಾರಿ ಮಾಡುವವರು ನಮ್ಮ ಮಕ್ಕಳೇ. ಆದಕಾರಣ ವಿಜ್ಞಾನದ ತರಗತಿಯಲ್ಲಿ ಓದಿದ್ದನ್ನು ಸ್ವಲ್ಪ ಹೊಲಕ್ಕೆ ಅನ್ವಯಿಸಿ ನೋಡೋಣ.

ಟ್ರಾಕ್ಟರಿನ ಹಿಂಭಾಗದ ಪಿ.ಟಿ.ಒ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. ಐದು ಸೆಂಟಿಮೀಟರ್ ದಪ್ಪದ ಶಾಫ್ಟಿನ ಸುತ್ತಳತೆ ಸುಮಾರು 16 ಸೆಂಟಿಮೀಟರ್. ಲುಂಗಿಯ ಅಂಚೋ ಸೀರೆಯ ಸೆರಗೋ ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ 1.4 ಮೀಟರಿನಷ್ಟು ಬಟ್ಟೆ ಸುತ್ತಿಕೊಳ್ಳುತ್ತದೆ. ‘ಅಯ್ಯೋ’ ಎನ್ನುವಷ್ಟು ಹೊತ್ತೂ ಇಲ್ಲ. ಹಳೆಯ ಗಾಡಿಗಳಲ್ಲಿ ಈ ಶಾಫ್ಟಿನ ಮುಚ್ಚಳ ಕಳೆದುಹೋಗಿರುವುದೇ ಹೆಚ್ಚು. ಎಂಜಿನ್ನಿಗೆ ಮುಂಚೆ ಅದನ್ನು ರಿಪೇರಿ ಮಾಡಿಸಬೇಕು.

ಕೆಸರಿನಲ್ಲಿ ಸಿಕ್ಕಿಬಿದ್ದ ಗಾಡಿ ಎಳೆಯುವಾಗ ಸರಪಣಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಬಾರದು. ಎಳೆತ ಮೇಲಿನಿಂದ ಬಿದ್ದಾಗ ಮುಂದಿನ ಚಕ್ರಗಳು ಏಳುತ್ತವೆ. ಟ್ರಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಮೇಲೆಯೇ ಬೀಳುತ್ತದೆ. ಕೆಳಗಿನ ಡ್ರಾಬಾರಿಗೆ ಕಟ್ಟಿದರೆ ಈ ಅಪಾಯ ಬಹಳ ಕಡಿಮೆ. ಸೆಲ್ಫ್ ಕೆಟ್ಟಿತೆಂದು ನೆಲದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಚಾಲೂ ಮಾಡುವ ಅಭ್ಯಾಸವೂ ಸಲ್ಲದು. ಗಾಡಿ ಗೇರಿನಲ್ಲಿದ್ದರೆ ಅದು ಚಾಲೂ ಮಾಡಿದವನ ಮೇಲೆಯೇ ಹಾಯುತ್ತದೆ.

ಲೋಡರಿನ ಎತ್ತಿದ ಬಕೆಟ್ ನಿಂತಿರುವುದು ಎಣ್ಣೆಯ ಒತ್ತಡದ ಮೇಲೆ. ಒಂದು ರಬ್ಬರು ಕೊಳವೆ ಒಡೆದರೆ ಅದು ಕೆಳಗೆ ಬರುತ್ತದೆ. ಅದರ ಕೆಳಗೆ ಯಾರೂ ನುಸುಳಬಾರದು. ಕೆಲಸ ಮುಗಿದೊಡನೆ ಬಕೆಟ್ಟನ್ನು ನೆಲಕ್ಕೆ ಇಳಿಸಬೇಕು. ಎಣ್ಣೆ ಎಲ್ಲಿ ಸೋರುತ್ತಿದೆಯೆಂದು ಬೆರಳಿನಿಂದ ತಡವಿ ನೋಡುವುದು ಇನ್ನೂ ಘಾತಕ. ಸೂಜಿಯ ಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ಚೂರು ಸಾಕು. ಜಾಕಿನ ಮೇಲೆ ನಿಂತ ಗಾಡಿಗೆ ಇಟ್ಟಿಗೆ ಕೊಡದೆ ಗಟ್ಟಿ ಮರದ ದಿಮ್ಮಿ ಕೊಡಬೇಕು. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ.

ಮಡ್‌ಗಾರ್ಡು ಆಸನವಲ್ಲ. ಟ್ರಾಕ್ಟರ್ ಒಬ್ಬನಿಗಾಗಿ ಮಾಡಿದ ವಾಹನ. ಈ ಒಂದು ಮಾತನ್ನು ರಜೆಗೆ ಹೊರಡುವ ಮುನ್ನ ಮಕ್ಕಳಿಗೆ ಹೇಳಿ, ಊರಿನ ಹಿರಿಯರಿಗೂ ತಿಳಿಸಿದರೆ ಈ ಲೇಖನದ ಶ್ರಮ ಸಾರ್ಥಕ.

ದೇಶಕ್ಕೆ ಯಂತ್ರದಿಂದ ಎಚ್ಚರದವರೆಗೆ ನಡೆಯಲು ದಶಕಗಳೇ ಹಿಡಿದವು. ಒಂದು ಮನೆಗೆ ಅಷ್ಟು ಕಾಲ ಬೇಕಾಗಿಲ್ಲ. ಮುಂದಿನ ಸಲ ಟ್ರಾಕ್ಟರಿಗೆಂದು ಊರಿಗೆ ಹಣ ಕಳಿಸುವಾಗ, ಶಾಫ್ಟಿನ ಮುಚ್ಚಳಕ್ಕೂ ತಲೆಯ ಮೇಲಿನ ಚೌಕಟ್ಟಿಗೂ ಬೇಕಾದಷ್ಟನ್ನು ಸೇರಿಸಿಯೇ ಕಳಿಸೋಣ.